ಗಾಜಿನ ಕಪಾಟಿನ ಕರಡಿಗೆ

ನಾನು ಬೆಳ್ಳಿಯ ಕರಡಿಗೆ. ಇಷ್ಟಲಿಂಗವನ್ನು ಒಳಗಿಟ್ಟುಕೊಂಡು ಕೊರಳಲ್ಲಿ ತೂಗುವ ಪುಟ್ಟ ಡಬ್ಬಿ. ಬಾಗಲಕೋಟೆಯ ಪತ್ತಾರ ಮೌನೇಶಪ್ಪ ನನ್ನನ್ನು ಕಾಸಿ, ಬಡಿದು, ಉಜ್ಜಿ, "ಹಾಂ, ಈಗ ಆಕಾರ ಬಂತು ನೋಡ" ಎಂದ. ಅಷ್ಟು ಬಡಿಸಿಕೊಂಡ ಮೇಲೆ ಬಾರದೆ ಏನು ಮಾಡೀತು!

ನನ್ನನ್ನು ಧರಿಸಿದವಳು ನೀಲವ್ವ. ದಿನವೂ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸದೆ ಬಾಯಿಗೆ ನೀರು ಹಾಕಿದವಳಲ್ಲ. ಒಮ್ಮೆ ಶಿವದಾರ ಹರಿದು ನಾನು ನೆಲಕ್ಕೆ ಬಿದ್ದಾಗ, ಮಠದ ಅಯ್ಯನವರು ಬಂದು ಮತ್ತೆ ಕಟ್ಟುವ ತನಕ ಉಪವಾಸ ಕೂತಳು. ಅವಳು ಲಿಂಗೈಕ್ಯಳಾದಾಗ ಲಿಂಗ ಅವಳ ಅಂಗೈಯಲ್ಲೇ ಸಮಾಧಿಗೆ ಹೋಯಿತು. ನಾನು ಬರಿದಾಗಿ ಮನೆಗೆ ಬಂದೆ. ತುಂಬ ಅತ್ತೆ.

ಕೆಲವು ವರ್ಷಗಳ ಮೇಲೆ ಅವಳ ಮಗ ನನ್ನನ್ನು ವಿಶ್ವವಿದ್ಯಾಲಯದ ಧರ್ಮ ಅಧ್ಯಯನ ವಿಭಾಗಕ್ಕೆ ಕೊಟ್ಟ. ಅಲ್ಲಿಯ ಮುಖ್ಯಸ್ಥರು ಪ್ರೊಫೆಸರ್ ಚನ್ನವೀರ ಹಂಚಿನಾಳ. ಬಹಳ ಓದಿದವರು, ಕೋಪ ಮಾತ್ರ ಮೂಗಿನ ತುದಿಯಲ್ಲೇ. ನನ್ನನ್ನು ಗಾಜಿನ ಕಪಾಟಿನಲ್ಲಿಟ್ಟು 'ತಾಯತ' ಎಂದು ಚೀಟಿ ಅಂಟಿಸಿದರು. ನನಗೆ ಮೈಯೆಲ್ಲ ಉರಿಯಿತು.

ನೀಲವ್ವನ ಮೊಮ್ಮಗಳು ಗೌರಾದೇವಿ ಅವರ ಕೈಕೆಳಗೇ ಪಿಎಚ್.ಡಿ. ಮಾಡುತ್ತಿದ್ದಳು. ಕರಡಿಗೆಯ ಮೇಲೆ ಬರೆದ ಪ್ರಬಂಧದಲ್ಲಿ ಅವಳು 'ತಾಯತ' ಎಂಬ ಪದ ಬಳಸಲಿಲ್ಲ. ಅದಕ್ಕೇ ಪ್ರೊಫೆಸರರು ಸಹಿ ಹಾಕಲಿಲ್ಲ. ಅವಳ ವರ್ಷಗಟ್ಟಲೆಯ ದುಡಿಮೆ ನನ್ನೆದುರಿನ ಮೇಜಿನ ಮೇಲೆ ಹಾಗೇ ಬಿದ್ದಿತ್ತು.

"ಕೊರಳಿಗೆ ಕಟ್ಟೋದಕ್ಕೆಲ್ಲಾ ನಮ್ಮ ಶಾಸ್ತ್ರದಾಗ ತಾಯತ ಅಂತನ ಹೆಸರು. ತಿದ್ದಿ ತಾ, ಸಹಿ ಮಾಡ್ತೀನಿ" ಎಂದರು.

"ಸರ, ತಾಯತ ನಮ್ಮನ್ನ ಕಾಯಲಿ ಅಂತ ಕಟ್ಕೋತಾರ್ರಿ. ಇದನ್ನ ನಮ್ಮಜ್ಜಿ ತಾನ ಕಾಯ್ತಿದ್ಲು." ಗೌರಾದೇವಿ ಅವರ ಎದೆಯತ್ತ ನೋಡಿದಳು. "ನಿಮ್ಮ ಅಂಗಿ ಒಳಗಿರೋದಕ್ಕೂ ಹಂಗ ಅಂತೀರೇನ್ರಿ?"

ಅವರ ಕೈ ತಾನಾಗಿ ಎದೆಗೆ ಹೋಯಿತು. ಅಲ್ಲಿ ನನ್ನಂಥದೇ ಒಂದು ಕರಡಿಗೆ ಇತ್ತು, ಒಳಗೆ ಲಿಂಗವಿತ್ತು.

"ಮನ್ಯಾಗ ಒಮ್ಮೆನೂ ಆ ಮಾತು ನನ್ನ ಬಾಯಾಗ ಬಂದಿಲ್ಲವ್ವಾ," ಎಂದರು. "ಬರಿಯಾಕ ಕೂತಾಗಷ್ಟ ಬಂತು."

ಸಹಿ ಬಿತ್ತು. ನನ್ನ ಚೀಟಿಯನ್ನೂ ಅವರೇ ಕಿತ್ತರು.

ಈಗ ನಾನು ಮುದಿಯಾಗಿ ಕಪ್ಪಿಟ್ಟಿದ್ದೇನೆ. ಪ್ರೊಫೆಸರರು ನಿವೃತ್ತರಾದರು, ಅವರ ಜಾಗದಲ್ಲಿ ಗೌರಾದೇವಿ ಪಾಠ ಮಾಡುತ್ತಾಳೆ. ಹೊಸ ವಿದ್ಯಾರ್ಥಿಗಳ ಕೈಗೆ ನನ್ನನ್ನು ಕೊಟ್ಟು, "ಮೊದಲ ಯಾರು ಹೆಂಗ ಧರಿಸಿದ್ರು ಕೇಳ್ರಿ, ಹೆಸರು ಆಮ್ಯಾಲ" ಎನ್ನುತ್ತಾಳೆ. ಆ ಮಾತು ಕೇಳಿದಾಗ ನನಗೆ ಹೆಮ್ಮೆ. ಆದರೆ ಪ್ರೊಫೆಸರರ ಹಳೆಯ ಪುಸ್ತಕಗಳು ಪಕ್ಕದ ಕಪಾಟಿನಲ್ಲೇ ಇವೆ, ಅವುಗಳಲ್ಲಿ ನಾನಿನ್ನೂ ತಾಯತವೇ. ಚೀಟಿಯನ್ನು ಕೀಳಬಹುದು, ಅಚ್ಚಾದದ್ದನ್ನು ಕೀಳಲಾಗದು. ಗೌರಾದೇವಿಯ ಪ್ರಬಂಧ ಅಚ್ಚಾಗಿಲ್ಲ, ಅವಳೂ ಇಲ್ಲಿಂದ ಹೋದ ಮೇಲೆ ನನ್ನ ವಿಷಯ ಹೇಳಲು ಆ ಪುಸ್ತಕಗಳಷ್ಟೇ ಉಳಿಯುತ್ತವೆ. ನನಗೆ ಅದೊಂದೇ ಭಯ.