ಊತ

“ಇಲ್ಲಿ?”

“ಇಲ್ಲ.”

“ಇಲ್ಲಿ ಒತ್ತಿದ್ರೆ?”

“ಇಲ್ಲ ಡಾಕ್ಟರೇ. ಕಚಗುಳಿ ಆಗತ್ತೆ ಅಷ್ಟೆ.”

ಮಿಲೆವಾಳ ಹೆಬ್ಬೆರಳು ಕಲಿನಾಳ ಎಡಪಾದದ ಗಂಟನ್ನು ಒಂದು ಸುತ್ತು ಹಾಕಿ ಹಿಮ್ಮಡಿಯ ಮೇಲೆ ಬಂದು ನಿಂತಿತು. ಹದಿನೈದರ ಕಾಲು. ಗಟ್ಟಿಯಾದ, ತಣ್ಣಗಿನ, ಯಾವ ದೂರೂ ಇಲ್ಲದ ಕಾಲು. ಮಿಲೆವಾ ಡಾಕ್ಟರಲ್ಲ, ತಂಡದ ಫಿಸಿಯೋ. ಹುಡುಗಿಯರು ಡಾಕ್ಟರೇ ಎನ್ನುತ್ತಿದ್ದರು. ತಿದ್ದುವುದನ್ನು ಅವಳು ಎಂದೋ ಬಿಟ್ಟಿದ್ದಳು.

ಹೋಟೆಲ್ ಕೋಣೆಯ ಬಾಗಿಲು ತೆರೆದೇ ಇತ್ತು. ಹೊಸ್ತಿಲಲ್ಲಿ ಕೋಚ್ ಗೋರ್ದನ್ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

“ಊತ ಇದೆಯಾ?”

“ಇಲ್ಲ.”

“ಮೊನ್ನೆ ಬಿದ್ದಿದ್ಳಲ್ಲ.”

“ಬಿದ್ದಿದ್ದು ಕೈ ಮೇಲೆ.”

ಗೋರ್ದನ್ ಕಾಲನ್ನು ನೋಡಲಿಲ್ಲ. ಕಿಟಕಿಯಾಚೆ ಬೇಸಿಗೆಯಲ್ಲಿ ಬಡಕಲಾಗಿ ಹರಿಯುತ್ತಿದ್ದ ವರ್ದಾರ್ ನದಿಯನ್ನು ನೋಡಿದ. “ಇನ್ನೊಂದ್ಸಲ ನೋಡಿ ಮಿಲೆವಾ. ಎಳೇ ಕಾಲು. ನಾಳೆ ಅವಳು ಬೇಕು ನಮಗೆ. ನಿಮಗೆ ಅರ್ಥ ಆಗತ್ತೆ.”

ಅವನ ಚಪ್ಪಲಿಯ ಸದ್ದು ಕಾರಿಡಾರಿನಲ್ಲಿ ದೂರವಾಯಿತು.

“ನಾಳೆ ಅಂದ್ರು,” ಎಂದಳು ಕಲಿನಾ. “ಇವತ್ತು?”

“ಸುಮ್ನೆ ಕೂತ್ಕೋ.”

ಲೆಕ್ಕ ಅಷ್ಟೇನೂ ಕಷ್ಟದ್ದಲ್ಲ. ಯುರೋಪಿನ ಹದಿನಾರರೊಳಗಿನ ಹುಡುಗಿಯರ ಬ್ಯಾಸ್ಕೆಟ್‌ಬಾಲಿನಲ್ಲಿ ಮೇಲಿನ ದರ್ಜೆಯ ದೇಶಗಳು ಬೇರೆ ಎಲ್ಲೋ ಆಡುತ್ತವೆ, ದೊಡ್ಡ ಊರುಗಳಲ್ಲಿ, ಟೀವಿಯ ಮುಂದೆ. ಇಲ್ಲಿ ಸ್ಕೋಪ್ಯೆಯಲ್ಲಿ ಎರಡನೇ ದರ್ಜೆ. ಇಲ್ಲಿ ಮೊದಲ ಮೂರು ಸ್ಥಾನ ಪಡೆದವರು ಮೇಲಕ್ಕೆ ಹತ್ತುತ್ತಾರೆ. ಉಳಿದವರು ಬರುವ ವರ್ಷ ಮತ್ತೆ ಇಂಥದೇ ಊರಿಗೆ, ಇಂಥದೇ ಹೋಟೆಲಿಗೆ ಬರುತ್ತಾರೆ. ಇವರ ತಂಡವೂ ಇವತ್ತಿನ ಎದುರಾಳಿ ತಂಡವೂ ಎಂಟರ ಘಟ್ಟವನ್ನು, ಅಂದರೆ ಕ್ವಾರ್ಟರ್ ಫೈನಲನ್ನು, ಆಗಲೇ ಮುಟ್ಟಿದ್ದವು. ಇವತ್ತು ಗೆದ್ದವರು ನಾಳೆ ಪಕ್ಕದ ಗುಂಪಿನ ಎರಡನೆಯವರನ್ನು ಎದುರಿಸಬೇಕು. ಆ ಎರಡನೆಯವರೇ ಎಲ್ಲರಿಗಿಂತ ಬಲವಾದ ತಂಡ. ಅವರ ಅತಿ ಎತ್ತರದ ಹುಡುಗಿ ಜ್ವರ ಹಿಡಿದು ಮಲಗಿದ್ದ ದಿನ ಒಂದು ಪಂದ್ಯ ಸೋತು ಎರಡನೆಯವರಾಗಿದ್ದರು. ಈಗ ಜ್ವರ ಇಳಿದಿತ್ತು. ಇವತ್ತು ಸೋತವರಿಗೆ ಸಿಗುವುದು ಆ ಗುಂಪಿನ ಮೊದಲನೆಯವರು, ಸುಲಭದ ತಂಡ.

ಅಂದರೆ ಇವತ್ತು ಗೆದ್ದವರು ನಾಳೆ ಸೋಲುತ್ತಾರೆ. ಇದನ್ನು ಗೋರ್ದನ್ ಯಾರ ಮುಂದೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ. ನಿಜವಾಗಿಯೂ ಕಾಲಿನ ಕಾಳಜಿಯೇ ಇರಬಹುದು. ಹಾಗೆಂದು ನಂಬಲು ಮಿಲೆವಾ ಪ್ರಯತ್ನಿಸಿದಳು. ಪ್ರಯತ್ನಿಸಬೇಕಾಗಿ ಬಂತಲ್ಲ, ಅದೇ ಅವಳನ್ನು ಕೊರೆಯಿತು.

ಅವಳ ಜೀವನದಲ್ಲಿ ಯಾರೂ ಏನನ್ನೂ ಪೂರ್ತಿ ಹೇಳಿದ್ದಿಲ್ಲ. ನಿನ್ನ ತಾಯಿ ನಮ್ಮ ಮನೆಯಲ್ಲಿರುವುದು ಬೇಡ ಎಂದು ಗಂಡ ಒಂದು ಸಲವೂ ಅಂದಿರಲಿಲ್ಲ. ಒಂದು ದಿನ, ತಾಯಿಗೆಂದು ಅವಳು ಅಂದುಕೊಂಡಿದ್ದ ಹಿಂಬದಿಯ ಕೋಣೆಗೆ ಬಣ್ಣ ಬಳಿಸಿ, ಮೇಜು ತರಿಸಿ, ಅದನ್ನು ತನ್ನ ಆಫೀಸು ಎಂದು ಕರೆದ. ಅವಳಿಗೆ ಅರ್ಥವಾಯಿತು. ತಾಯಿ ಅಕ್ಕನ ಮನೆಗೆ ಹೋದಳು. ನಿನ್ನಂಥ ತಿಳಿವಳಿಕೆಯವಳು ಅಪರೂಪ ಎಂದು ಗಂಡನ ಕಡೆಯವರೆಲ್ಲ ಹೊಗಳಿದರು. ಆ ಮೇಜಿನ ಮುಂದೆ ಅವನು ಕುಳಿತದ್ದನ್ನು ಅವಳು ಕಂಡಿಲ್ಲ.

ಫೆಡರೇಶನ್ನಿನವರು ಈ ತಂಡಕ್ಕೆ ತನ್ನನ್ನೇ ಆರಿಸಿದ್ದು ಯಾಕೆ ಎಂಬ ಪ್ರಶ್ನೆ ಈಗ ಮೊದಲ ಬಾರಿಗೆ ಎದ್ದಿತು. ತನ್ನ ಬೆರಳುಗಳ ಕೈಚಳಕಕ್ಕಾಗಿ ಎಂದುಕೊಂಡಿದ್ದಳು.

“ಸ್ವಲ್ಪ ಊತ ಇದೆ,” ಎಂದಳು.

ಕಲಿನಾ ಎರಡೂ ಪಾದಗಳನ್ನು ಜೋಡಿಸಿಟ್ಟು ನೋಡಿಕೊಂಡಳು. “ಎಲ್ಲಿ?”

“ಒಳಗೆ.”

“ಒಳಗೆ,” ಎಂದು ಹುಡುಗಿ ಅದೇ ಮಾತನ್ನು ಮೆಲ್ಲಗೆ ಮತ್ತೆ ಹೇಳಿದಳು. ಅವಳ ಮುಖ ಬಾಡಲಿಲ್ಲ, ಅವಳು ಅಳಲೂ ಇಲ್ಲ. ಮಿಲೆವಾಳ ಕಣ್ಣನ್ನೇ ಒಂದು ಕ್ಷಣ ನೋಡಿದಳು. “ಇವತ್ತು ಅವರು ಬಂದಿದಾರೆ ಡಾಕ್ಟರೇ. ಸ್ಪೇನಿನ ಅಕಾಡೆಮಿಯೋರು, ಹುಡುಗಿಯರನ್ನ ಆರಿಸ್ಕೊಳ್ಳೋಕೆ. ಇವತ್ತೊಂದೇ ದಿನ. ಸಂಜೆ ವಿಮಾನಕ್ಕೆ ಹೋಗ್ತಾರಂತೆ.”

“ಗೊತ್ತು.”

“ಸುತ್ತಿ ಹಾಗಾದ್ರೆ.”

ಮಿಲೆವಾ ಸುತ್ತಿದಳು. ಬಿಳಿಯ ಅಂಟುಪಟ್ಟಿ ಒಂದರ ಮೇಲೊಂದು ಬಿದ್ದಿತು. ಇಷ್ಟು ಚೊಕ್ಕವಾಗಿ ಅವಳು ನಿಜವಾದ ಉಳುಕಿಗೂ ಸುತ್ತಿರಲಿಲ್ಲ.

*

ಕ್ರೀಡಾಂಗಣದ ನೆಲಮಾಳಿಗೆಯಲ್ಲಿ ಎಲ್ಲ ತಂಡಗಳಿಗೂ ಒಂದೇ ಐಸ್ ಯಂತ್ರ. ಅಲ್ಲಿ ಎದುರಾಳಿ ತಂಡದ ಫಿಸಿಯೋ ಉರ್ಮಾಸ್ ಪ್ಲಾಸ್ಟಿಕ್ ಚೀಲಕ್ಕೆ ಐಸ್ ತುಂಬಿಸುತ್ತಿದ್ದ. ನರೆತ ಗಡ್ಡ, ಬಡಗಣ ದೇಶದ ಬೆಳ್ಳನೆಯ ಕಣ್ಣು. ಇಬ್ಬರಿಗೂ ಶಾಲೆಯಲ್ಲಿ ಕಲಿತ ಹಳೆಯ ರಷ್ಯನ್ ಅಷ್ಟಿಷ್ಟು ಬರುತ್ತಿತ್ತು.

“ನಿಮ್ಮ ಎಂಟನೇ ನಂಬರಿನ ಹುಡುಗಿ ಆಡಲ್ವಂತೆ,” ಎಂದ.

“ಪಾದದ ಗಂಟು.”

“ಅಯ್ಯೋ ಪಾಪ. ತುಂಬಾನಾ?”

“ಸ್ವಲ್ಪ ಊತ.”

ಅವನು ತಲೆದೂಗಿದ. ಚೀಲದ ಬಾಯಿಗೆ ಗಂಟು ಹಾಕಿದ. ಮತ್ತೊಂದು ಚೀಲ ತೆಗೆದ.

“ನಿಮ್ಮ ಉದ್ದ ಜಡೆಯೋಳು?” ಮಿಲೆವಾ ಕೇಳಿದಳು.

“ಮೊಣಕಾಲು.”

“ತುಂಬಾನಾ?”

“ಸ್ವಲ್ಪ ಊತ,” ಎಂದ ಉರ್ಮಾಸ್.

ಯಂತ್ರ ಒಳಗೊಳಗೇ ಗೊರಗುಟ್ಟಿ ಐಸ್ ಉದುರಿಸಿತು. ಇಬ್ಬರೂ ಅದನ್ನೇ ನೋಡಿದರು. ಅವನು ನಗುತ್ತಾನೇನೋ ಎಂದು ಮಿಲೆವಾ ಕಾದಳು. ನಕ್ಕಿದ್ದರೆ ಅವಳೂ ನಕ್ಕು ಹಗುರಾಗುತ್ತಿದ್ದಳು. ಅವನು ನಗಲಿಲ್ಲ. “ಇಲ್ಲಿನ ಸೆಖೆ,” ಎಂದು ಗಡ್ಡ ಒರೆಸಿಕೊಂಡು ಮೆಟ್ಟಿಲು ಹತ್ತಿದ.

ಮೇಲೆ ಕಲಿನಾಳ ತಾಯಿ ರುಮೆನಾ ಕಾದಿದ್ದಳು. ರಾತ್ರಿಯಿಡೀ ಬಸ್ಸಿನಲ್ಲಿ ಬಂದವಳು. ಬೇಕರಿಯಲ್ಲಿ ಕೆಲಸ, ಬುರೆಕ್ ಎಂಬ ಪದರ ರೊಟ್ಟಿ ಸುತ್ತಿದ ಕಾಗದದ ಪೊಟ್ಟಣ ಕೈಯಲ್ಲೇ ಇತ್ತು, ಎಣ್ಣೆ ಮೂಡಿತ್ತು.

“ಏನಾಯ್ತು ನನ್ನ ಮಗಳಿಗೆ?”

“ಗಾಬರಿ ಆಗ್ಬೇಡಿ. ಒಂದು ದಿನ ವಿಶ್ರಾಂತಿ.”

“ನಿನ್ನೆ ಫೋನಲ್ಲಿ ಎಗರಾಡ್ತಾ ಇದ್ಲು.”

“ರಾತ್ರಿ ಬಂದಿರ್ಬೇಕು.”

“ರಾತ್ರಿ ತಾನಾಗೇ ಬರತ್ತಾ ಅಮ್ಮಾ ಇಂಥದ್ದು?” ರುಮೆನಾ ಹತ್ತಿರ ಬಂದಳು. ಸ್ವರ ತಗ್ಗಿಸಿದಳು. “ಕೋಚಿಗೆ ಅವಳ ಮೇಲೆ ಏನಾದ್ರೂ ಸಿಟ್ಟಿದೆಯಾ? ನೀವೂ ಹೆಂಗಸು. ನನಗೊಂದು ಮಾತು ಹೇಳಿ.”

ಹೇಳಬೇಕಾದ ಮಾತು ನಾಲಿಗೆಯ ಮೇಲೆ ಬಂದು ಕುಳಿತಿತ್ತು. ಆದರೆ ಹೇಳುವುದೇನು? ಗೋರ್ದನ್ ‘ಇನ್ನೊಂದ್ಸಲ ನೋಡಿ’ ಎಂದಿದ್ದ. ಊತ ಇದೆ ಎಂದವಳು ತಾನು. ಯಾರಾದರೂ ಕೇಳಿದರೆ ಇಡೀ ಸುಳ್ಳಿನಲ್ಲಿ ಉಚ್ಚರಿಸಿದ ಮಾತು ಎಂದರೆ ಅದೊಂದೇ, ಅದು ತನ್ನದೇ.

“ಸ್ಪೇನಿನವರು ಮತ್ತೆ ಬರ್ತಾರೆ,” ಎಂದಳು.

ರುಮೆನಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಪೊಟ್ಟಣವನ್ನು ಕೊಡಲೆಂದು ತಂದಿದ್ದಳೇನೋ. ಕೊಡದೆ ಗ್ಯಾಲರಿಗೆ ಹೋದಳು.

*

ಪಂದ್ಯವನ್ನು ಪಂದ್ಯ ಎನ್ನುವಂತಿರಲಿಲ್ಲ. ಗೋರ್ದನ್ ಆಡಬಲ್ಲವರನ್ನೆಲ್ಲ ಒಬ್ಬೊಬ್ಬರಾಗಿ ಬೆಂಚಿಗೆ ಕರೆದ. ಆ ಕಡೆಯ ಕೋಚೂ ಕರೆದ. ಕಡೆಗೆ ಎರಡೂ ಬೆಂಚುಗಳಲ್ಲಿ ಒಳ್ಳೆಯ ತಂಡಗಳು ಕುಳಿತಿದ್ದವು, ಅಂಗಳದಲ್ಲಿ ಉಳಿದವರು ಓಡುತ್ತಿದ್ದರು. ಈ ಬೆಂಚಿನ ತುದಿಯಲ್ಲಿ ಕಲಿನಾಳ ಬಿಳಿ ಪಾದ. ಆ ಬೆಂಚಿನ ತುದಿಯಲ್ಲಿ ಉದ್ದ ಜಡೆಯವಳ ಬಿಳಿ ಮೊಣಕಾಲು. ಉರ್ಮಾಸ್ ಅದರ ಮೇಲೆ ಐಸ್ ಚೀಲ ಇಟ್ಟು ಹಿಡಿದಿದ್ದ. ಮಿಲೆವಾ ತಾನೂ ಹಿಡಿದಿರುವುದನ್ನು ಕಂಡುಕೊಂಡಳು.

ಚೆಂಡು ಬುಟ್ಟಿಯ ಅಂಚಿಗೆ ಬಡಿದು ಹೊರಗೆ ಬೀಳುತ್ತಿತ್ತು. ಪಾಸುಗಳು ಯಾರೂ ಇಲ್ಲದ ಕಡೆಗೆ ಹೋಗುತ್ತಿದ್ದವು. ಮಿಲೆವಾ ಒಂದೊಂದು ತಪ್ಪನ್ನೂ ತೂಗಿ ನೋಡತೊಡಗಿದಳು. ಇದು ನಿಜವಾದ ತಪ್ಪೇ? ಆ ಹುಡುಗಿ ಎಡವಿದ್ದು? ರೆಫರಿ ಶಿಳ್ಳೆ ಹಾಕಲು ತಡಮಾಡಿದ್ದು? ಗ್ಯಾಲರಿಯಲ್ಲಿ ಊರಿನ ಮುದುಕನೊಬ್ಬ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿಯುತ್ತ ಕೂಗಿದ: “ಏ ಮಕ್ಕಳಾ, ರಾತ್ರಿ ಊಟ ಹಾಕ್ಲಿಲ್ವಾ ನಿಮಗೆ?” ಸುತ್ತಲಿನವರು ನಕ್ಕರು. ಸ್ಪೇನಿನ ಇಬ್ಬರು ನಡುವಿನಲ್ಲೇ ಎದ್ದು ಹೋದರು. ಅವರು ಹೋಗುವುದನ್ನು ಕಲಿನಾ ನೋಡಿದಳು. ಬಾಗಿಲು ಮುಚ್ಚಿಕೊಳ್ಳುವವರೆಗೂ ನೋಡಿದಳು.

“ಐಸ್ ತುಂಬಾ ತಣ್ಣಗಿದೆಯಾ?” ಮಿಲೆವಾ ಕೇಳಿದಳು.

“ಏನೂ ಗೊತ್ತಾಗ್ತಿಲ್ಲ.”

ಕೊನೆಯ ಗಳಿಗೆಯಲ್ಲಿ ಇವರ ತಂಡ ಒಂದು ಅಂಕ ಹಿಂದಿತ್ತು. ಗೋರ್ದನ್ ಕೈಕಟ್ಟಿ ನಿಂತಿದ್ದ. ಎಲ್ಲ ಸರಿಯಾಗಿ ನಡೆದಿದೆ ಎಂದು ಹೇಳುವಂಥ ಯಾವ ಗುರುತೂ ಅವನ ಮುಖದ ಮೇಲಿರಲಿಲ್ಲ. ಆಗ ಚೆಂಡು ಉರುಳುತ್ತ ಹನ್ನೆರಡನೆಯವಳಾದ ಬೋಯಾನಾಳ ಕಾಲಿನ ಹತ್ತಿರ ಬಂತು. ಟೂರ್ನಿ ಪೂರ್ತಿ ಟವೆಲು ಮಡಿಸುತ್ತ ಕುಳಿತಿದ್ದ ಪುಟ್ಟ ಹುಡುಗಿ. ಎತ್ತಿಕೊಂಡಳು. ಯಾರಿಗೆ ಕೊಡಬೇಕೆಂದು ನೋಡಿದಳು. ಎಲ್ಲರೂ ಬೇರೆ ಎಲ್ಲೋ ನೋಡುತ್ತಿದ್ದರು. ಕಣ್ಣು ಮುಚ್ಚಿಯೋ ಏನೋ, ದೂರದಿಂದ ಎಸೆದಳು.

ಬಲೆ ಸರಕ್ಕೆಂದಿತು. ಹಿಂದೆಯೇ ಮುಕ್ತಾಯದ ಗಂಟೆ ಮೊಳಗಿತು.

ಗೆದ್ದಿದ್ದರು. ಬೋಯಾನಾ ಕೈ ಮೇಲೆತ್ತಿ ಕುಣಿಯುತ್ತ ಬೆಂಚಿನ ಕಡೆ ಓಡಿಬಂದಳು. ಬೆಂಚು ಎದ್ದು ನಿಲ್ಲಲು ಒಂದು ಉಸಿರಿನಷ್ಟು ತಡಮಾಡಿತು. ಆ ಒಂದು ಉಸಿರಿನಲ್ಲಿ ಮಿಲೆವಾ ಎಲ್ಲರ ಮುಖ ನೋಡಿದಳು. ಎಲ್ಲರಿಗೂ ಅರ್ಥವಾಗಿತ್ತು. ಹೇಳಿಸಿಕೊಳ್ಳದೆ ಅರ್ಥಮಾಡಿಕೊಂಡಿದ್ದರು. ಬೋಯಾನಾ ಒಬ್ಬಳನ್ನು ಬಿಟ್ಟು. ಇವಳ ಕೈಗೂ ಚೆಂಡು ಬರಬಹುದೆಂದು ಯಾರೂ ಎಣಿಸಿರಲಿಲ್ಲ.

ಎದುರಿನ ಬೆಂಚಿನಲ್ಲಿ ಸೋತವರು ಪರಸ್ಪರ ಬೆನ್ನು ತಟ್ಟಿಕೊಳ್ಳುತ್ತಿದ್ದರು.

“ಶಾಭಾಷ್,” ಎಂದ ಗೋರ್ದನ್ ಬೋಯಾನಾಳಿಗೆ. ಹಲ್ಲುಗಳ ನಡುವಿನಿಂದ ಬಂದ ಮಾತು. ಆಮೇಲೆ ಮಿಲೆವಾಳ ಬಳಿ ಬಂದು ನಿಂತ. ಅವಳನ್ನು ನೋಡದೆ ಫಲಕದ ಅಂಕಿಗಳನ್ನು ನೋಡುತ್ತ ಹೇಳಿದ: “ನಾಳೆ ಆ ಎತ್ತರದ ಹುಡುಗಿಯ ತಂಡ. ಕಲಿನಾ ಇಲ್ದೆ ಆಗಲ್ಲ. ಬೆಳಿಗ್ಗೆ ಹೊತ್ತಿಗೆ ಊತ ಇಳಿದಿರತ್ತೆ ಅಲ್ವಾ? ಬೆಳಿಗ್ಗೆ ಬಂದು ಕೇಳ್ತೀನಿ. ನಿಮಗೆ ಅರ್ಥ ಆಗತ್ತೆ.”

*

ಸಂಜೆ ಹೋಟೆಲಿನ ಊಟದ ಕೋಣೆಯಲ್ಲಿ ಹುಡುಗಿಯರು ತಟ್ಟೆ ಹಿಡಿದು ಸಾಲು ನಿಂತಿದ್ದರು. ಮಣ್ಣಿನ ಬೋಗುಣಿಯಲ್ಲಿ ಬೇಯಿಸಿದ ಬಿಳಿ ಬೀನ್ಸ್ ಕಾಳು, ಸುಟ್ಟ ಕೆಂಪು ಮೆಣಸಿನಕಾಯಿ. ಬೋಯಾನಾಳನ್ನು ಮುತ್ತಿಕೊಂಡು ಕಾಡುತ್ತಿದ್ದರು.

“ಏ ರಾಣಿ, ನಿನಗೆ ಚೆಂಡು ಹಾಕು ಅಂತ ಯಾರೇ ಹೇಳಿದ್ದು?”

“ಯಾರೂ ಏನೂ ಹೇಳ್ಲಿಲ್ಲ.”

“ಅದಕ್ಕೇ ಕೇಳಿದ್ದು ಕಣೇ.”

“ಹಾಕ್ಬೇಡ ಅಂತಾನೂ ಯಾರೂ ಹೇಳ್ಲಿಲ್ವಲ್ಲ,” ಎಂದಳು ಬೋಯಾನಾ, ಬಾಯಿ ತುಂಬ ಬ್ರೆಡ್ಡು. “ಬಾಯಿದ್ರೆ ಹೇಳ್ಬೇಕಪ್ಪ.”

ಎಲ್ಲರೂ ನಕ್ಕರು. ಮಿಲೆವಾ ನಗಲಿಲ್ಲ. ಅವಳು ಬಾಗಿಲ ಕಡೆ ನೋಡುತ್ತಿದ್ದಳು. ಕಲಿನಾ ಬರುತ್ತಿದ್ದಳು, ಗೋಡೆ ಹಿಡಿದು, ಎಡಗಾಲನ್ನು ಊರಲೋ ಬೇಡವೋ ಎಂಬಂತೆ ಊರುತ್ತ. ಸಾಲು ಬಿರಿದು ಅವಳಿಗೆ ದಾರಿ ಬಿಟ್ಟಿತು. ಅದೇ ಹೋಟೆಲಿನಲ್ಲಿದ್ದ ಉರ್ಮಾಸನ ತಂಡದ ಹುಡುಗಿಯರೂ ಸರಿದು ನಿಂತರು.

ಎಂಥ ಕುಂಟು ಅದು? ಹದಿನೆಂಟು ವರ್ಷ ಕುಂಟುಗಳನ್ನೇ ನೋಡಿದ ಕಣ್ಣು ಮಿಲೆವಾಳದು. ನೋವಿನ ಕುಂಟು ಬೇರೆ, ಹೆದರಿಕೆಯ ಕುಂಟು ಬೇರೆ, ನಾಟಕದ ಕುಂಟು ಬೇರೆ. ಇದು ಯಾವುದು ಎಂದು ತಿಳಿಯಲಿಲ್ಲ. ಅವಳಿಗೆ ತನ್ನ ಕಣ್ಣಿನ ಮೇಲೇ ಗುಮಾನಿ ಬಂತು.

ಊಟ ಮುಗಿದ ಮೇಲೆ ಅವಳನ್ನು ತನ್ನ ಕೋಣೆಗೆ ಕರೆದೊಯ್ದು ಮಂಚದ ಅಂಚಿನಲ್ಲಿ ಕೂರಿಸಿದಳು. ನದಿಯ ಆಚೆ ದಡದಲ್ಲಿ ಇನ್ನೂ ಬಿಸಿಲಿತ್ತು.

“ನಿಜವಾಗ್ಲೂ ನೋಯ್ತಾ ಇದೆಯಾ?”

ಕಲಿನಾ ಪ್ರಶ್ನೆಯನ್ನು ಯೋಚಿಸಿದಳು, ಪರೀಕ್ಷೆಯಲ್ಲಿ ಯೋಚಿಸುವ ಹಾಗೆ.

“ಕೋಚ್ ನಿಮ್ಮ ಹತ್ರ ಏನಂದ್ರು?”

“ನಾನು ಕೇಳಿದ್ದು ಕಾಲಿನ ವಿಷಯ.”

“ಹೌದು. ನಾನೂ ಅದನ್ನೇ ಕೇಳ್ತಿರೋದು.” ಹುಡುಗಿಯ ದನಿಯಲ್ಲಿ ಕೊಂಕಿರಲಿಲ್ಲ, ಸಿಟ್ಟಿರಲಿಲ್ಲ. ದೊಡ್ಡವರಿಗೆ ಕಷ್ಟವಾಗದಿರಲಿ ಎಂಬ ಸಣ್ಣ ನಗು ಮಾತ್ರ ಇತ್ತು. “ನಾಳೆ ನೋಯ್ಬೇಕಾ ಡಾಕ್ಟರೇ, ಬೇಡ್ವಾ? ಈಗ್ಲೇ ಹೇಳಿದ್ರೆ ಒಳ್ಳೇದು.”

ಆ ನಗುವನ್ನು ಮಿಲೆವಾ ಗುರುತಿಸಿದಳು. ಹಿಂಬದಿಯ ಕೋಣೆಗೆ ಬಣ್ಣ ಬಳಿಯಲು ಬಂದವರಿಗೆ ತಾನೇ ಕಾಫಿ ಕೊಟ್ಟ ದಿನ ತನ್ನ ಮುಖದ ಮೇಲೆ ಇದ್ದದ್ದು ಇದೇ.

ಅವಳು ಕತ್ತರಿ ತೆಗೆದುಕೊಂಡಳು. ನಾಳೆ ಬೆಳಿಗ್ಗೆ ಅವನು ಬರುತ್ತಾನೆ, ಹೊಸ್ತಿಲಲ್ಲಿ ನಿಂತು ನದಿ ನೋಡುತ್ತ ಅರ್ಧ ಮಾತಾಡುತ್ತಾನೆ. ಆಗ ತನಗೆ ಅರ್ಥವಾಗುವುದಿಲ್ಲ. ‘ಏನಂದ್ರಿ?’ ಎಂದು ಕೇಳುತ್ತಾಳೆ. ಇವತ್ತು ಬೆಳಿಗ್ಗೆ ನೀವು ಹೇಳಿದ್ದೇನು, ಈಗ ಹೇಳುತ್ತಿರುವುದೇನು ಎಂದು ಕೇಳುತ್ತಾಳೆ. ಹುಡುಗಿಯರೆಲ್ಲ ಕಾರಿಡಾರಿನಲ್ಲಿರುವಾಗ, ಈ ಹುಡುಗಿಯ ಎದುರಿಗೇ, ಅವನು ಇಡೀ ವಾಕ್ಯವನ್ನು ಕರ್ತೃ, ಕರ್ಮ, ಕ್ರಿಯಾಪದ ಸಮೇತ ಹೇಳಿ ಮುಗಿಸುವವರೆಗೂ, ಎಷ್ಟು ಸಲ ಬೇಕಾದರೂ, ತನಗೆ ಏನೂ ಅರ್ಥವಾಗುವುದಿಲ್ಲ. ಊತ ಇದೆ ಎಂದವರು ನೀವೇ ಎಂದು ಅವನು ಅಂದರೆ, ಹೌದು ಎನ್ನುತ್ತಾಳೆ.

ಇದನ್ನು ಅವಳು ಯಾರಿಗೂ ಹೇಳಲಿಲ್ಲ.

“ಹೋಗಿ ಮಲಗು,” ಎಂದಳು, ಪಟ್ಟಿಯನ್ನು ಹಿಂಬದಿಯಿಂದ ಉದ್ದಕ್ಕೆ ಕತ್ತರಿಸಿ ಬಿಡಿಸಿದ ಮೇಲೆ. ಒಳಗಿನ ಕಾಲು ನೆನೆದು ಬಿಳಿಚಿತ್ತು, ಅಂಟಿನ ಗೆರೆಗಳು ಮೂಡಿದ್ದವು. ಕಲಿನಾ ಚಪ್ಪಲಿ ಮೆಟ್ಟಿ ಹೋದಳು. ಬಾಗಿಲಿನವರೆಗೆ ನೆಟ್ಟಗೆ ನಡೆದಳು. ಹೊರಗೆ ಯಾರದೋ ಹೆಜ್ಜೆ ಕೇಳಿದಾಗ ಕುಂಟಿದಳು.

ಕತ್ತರಿಸಿದ ಪಟ್ಟಿ ನೆಲದ ಮೇಲೆ ಉಳಿದಿತ್ತು. ಗಟ್ಟಿಯಾಗಿ ಸುತ್ತಿದ್ದರಿಂದ ಅದು ಆಕಾರ ಬಿಟ್ಟಿರಲಿಲ್ಲ. ಹಿಮ್ಮಡಿ, ಗಂಟು, ಪಾದದ ಏರು, ಎಲ್ಲ ಇದ್ದವು. ಒಳಗೆ ಯಾರೂ ಇರಲಿಲ್ಲ. ಕಸದ ಬುಟ್ಟಿಗೆ ಹಾಕಲೆಂದು ಮಿಲೆವಾ ಬಗ್ಗಿದಳು, ಬೆರಳು ತಾಗಿದ್ದೇ ಅದು ಒಂದಿಷ್ಟು ವಾಲಿತು. ಆಮೇಲೆ ತಾನಾಗಿಯೇ ನೆಟ್ಟಗಾಗಿ, ಬಾಗಿಲ ಕಡೆಗೆ ಮುಖ ಮಾಡಿ ನಿಂತಿತು.