ತೊಂಬತ್ತನಾಲ್ಕು ಸುತ್ತು

ಹೆಂಡತಿ ತೀರಿಕೊಂಡ ಮೇಲೆ ಹನ್ನೊಂದು ತಿಂಗಳು ನಾನು ಒಂದೇ ಒಂದು ಟೈಮಿಂಗ್ ಚೈನಿಗೆ ಕೈ ಹಚ್ಚಿರಲಿಲ್ಲ. ಬ್ರೇಕು, ಕ್ಲಚ್ಚು, ರೇಡಿಯೇಟರು ಎಲ್ಲವನ್ನೂ ಮಾಡುತ್ತಿದ್ದೆ. ಚೈನಿನ ಕೆಲಸ ಬಂದರೆ ಮಾತ್ರ ಸೊಂಟನೋವೆಂದು ಹೇಳಿ ಆಚೆ ಬೀದಿಯ ಗ್ಯಾರೇಜಿಗೆ ಕಳುಹಿಸುತ್ತಿದ್ದೆ. ಸೊಂಟ ಗಟ್ಟಿಯಾಗಿಯೇ ಇತ್ತು. ಆ ಸುಳ್ಳನ್ನು ದೇವರು ಕ್ಷಮಿಸಲಿ.

ಕಾರಣ ಇಷ್ಟೇ. ಎಂಜಿನ್ನಿನ ಮುಂಭಾಗದ ಮುಚ್ಚಳದ ಒಳಗೆ ಕೆಳಗೊಂದು, ಮೇಲೆರಡು ಹಲ್ಲಿನ ಚಕ್ರಗಳಿರುತ್ತವೆ. ಮೂರನ್ನೂ ಒಂದೇ ಚೈನು ಕೂಡಿಸಿರುತ್ತದೆ. ಕೆಳಗಿನದು ಪಿಸ್ಟನ್ನುಗಳ ಲೆಕ್ಕ ನೋಡುತ್ತದೆ, ಮೇಲಿನವು ವಾಲ್ವುಗಳದು. ಚೈನು ಬದಲಿಸುವಾಗ ಮೂರರ ಮೇಲಿನ ಗುರುತುಗಳೂ ತಂತಮ್ಮ ಜಾಗದಲ್ಲಿ ನಿಲ್ಲಬೇಕು. ನಾಲ್ಕಾರು ಹಲ್ಲು ತಪ್ಪಿದರೆ ಪಿಸ್ಟನ್ನು ಮೇಲೇರುವ ಹೊತ್ತಿಗೆ ವಾಲ್ವು ಅದರ ದಾರಿಗೆ ಅಡ್ಡ ನಿಂತಿರುತ್ತದೆ. ಎರಡೂ ಬಡಿದುಕೊಂಡರೆ ಎಂಜಿನ್ನಿನ ಕಥೆ ಮುಗಿದಂತೆ. ಆದ್ದರಿಂದ ನಮ್ಮ ಗ್ಯಾರೇಜಿನಲ್ಲಿ ಮೊದಲಿನಿಂದಲೂ ಒಂದು ಪದ್ಧತಿ. ಕೆಲಸ ಮಾಡಿದವನಲ್ಲದೆ ಇನ್ನೊಬ್ಬರು ಗುರುತು ನೋಡಿ ‘ಸರಿ’ ಎನ್ನುವ ತನಕ ಮುಚ್ಚಳ ಹಾಕಕೂಡದು.

ಮೂವತ್ತೊಂದು ವರ್ಷ ಹಾಗೆ ‘ಸರಿ’ ಎಂದವಳು ನನ್ನ ಹೆಂಡತಿ. ಪಕ್ಕದ ಕೋಣೆಯಲ್ಲಿ ಹೊಲಿಗೆ ಮಾಡುತ್ತಾ ಕೂತಿರುತ್ತಿದ್ದಳು. ಕರೆದರೆ ಬಾಯಲ್ಲಿ ಕಚ್ಚಿಕೊಂಡ ಗುಂಡುಸೂಜಿ ತೆಗೆದಿಟ್ಟು ಬಂದು, ದೀಪ ಹಿಡಿದು ಬಗ್ಗಿ ನೋಡಿ, ಆ ಒಂದು ಮಾತು ಹೇಳಿ ಹೋಗುತ್ತಿದ್ದಳು. ಅವಳು ಹೋದ ಮೇಲೆ ಆ ಮಾತನ್ನು ಯಾರ ಬಾಯಿಂದ ಕೇಳಲಿ? ನನ್ನ ಕೈಯನ್ನು ನಾನೇ ನಂಬುವ ಧೈರ್ಯ ನನಗಿರಲಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ನನ್ನ ನಾದಿನಿ, ಎಂದರೆ ಹೆಂಡತಿಯ ತಂಗಿ, ತನ್ನ ಕಾರನ್ನು ತಂದು ಷೆಡ್ಡಿನೊಳಗೆ ನಿಲ್ಲಿಸಿದಳು. ಆಕೆ ಹೆರಿಗೆ ಮಾಡಿಸುವ ನರ್ಸು. ಮನೆಯಿಂದ ಮನೆಗೆ ಓಡಾಡುವುದೆಲ್ಲ ಅದೇ ಕಾರಿನಲ್ಲಿ. ಡಬ್ಬಿಯಲ್ಲಿ ಮೊಳೆ ಹಾಕಿ ಕುಲುಕಿದ ಹಾಗೆ ಎಂಜಿನ್ನು ಗಲಗಲ ಎನ್ನುತ್ತಿತ್ತು. ಚೈನು ಸವೆದು ಉದ್ದವಾಗಿದೆ ಎಂದು ದೂರದಿಂದಲೇ ತಿಳಿಯಿತು. ನಾನು ಸೊಂಟದ ಮೇಲೆ ಕೈಯಿಟ್ಟೆ.

“ಅದನ್ನ ಬೇರೆಯವರಿಗೆ ಹೇಳಿ ಭಾವ. ನಾನು ನರ್ಸು,” ಎಂದಳು. “ನೀವು ಕೆಲಸ ಮಾಡಿ, ದೀಪ ನಾನು ಹಿಡೀತೀನಿ.”

ವಾರದೊಳಗೆ ಮೂರು ಹೆರಿಗೆಗಳಿವೆಯಂತೆ. ಕಾರಿಲ್ಲದಿದ್ದರೆ ಆಗದು, ಬೇರೆ ಗ್ಯಾರೇಜಿಗೆ ಕೊಡುವುದಿಲ್ಲವೆಂದೂ ಹಠ. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಇದೊಂದು ಕೈಗೂಡಲಿ, ಕೈಗೂಡದಿದ್ದರೆ ಚೈನಿನ ಕೆಲಸವನ್ನು ಇನ್ನೆಂದಿಗೂ ಮುಟ್ಟುವುದಿಲ್ಲ ಎಂದು ದೇವರ ಮುಂದೆ ಹೇಳಿಕೊಂಡು ಶುರುಮಾಡಿದೆ.

ಬಿಚ್ಚುವುದಕ್ಕೇ ಒಂದು ದಿನ ಹಿಡಿಯಿತು. ಚೈನು ಒರಗಿ ಓಡುವ ಪಟ್ಟಿಗಳಲ್ಲಿ ಉಗುರು ಇಳಿಯುವಷ್ಟು ಗೀರು ಬಿದ್ದಿತ್ತು. ಅವನ್ನೂ ಬದಲಿಸಿದೆ. ಮಾರನೆಯ ಬೆಳಗ್ಗೆ ಹೊಸ ಚೈನು ಏರಿಸಿದೆ. ಹೊಸ ಚೈನಿನಲ್ಲಿ ಮೂರು ಕೊಂಡಿಗಳಿಗೆ ಮಾತ್ರ ತಾಮ್ರದ ಬಣ್ಣ ಇರುತ್ತದೆ. ಒಂದೊಂದು ಕೊಂಡಿ ಒಂದೊಂದು ಚಕ್ರದ ಗುರುತಿನ ಮೇಲೆ ಕೂರಬೇಕು. ಕೂರಿಸಿ ನಾದಿನಿಯನ್ನು ಕರೆದೆ. ಆಕೆ ಕನ್ನಡಕ ಏರಿಸಿಕೊಂಡು, ದೀಪವನ್ನು ಒಳಗೆ ತೂರಿಸಿ, ಮೂರೂ ಕೂತಿವೆ ಎಂದಳು. ಚೈನನ್ನು ಬಿಗಿ ಹಿಡಿಯುವ ಟೆನ್ಷನರಿನ ಪಿನ್ನು ಎಳೆದೆ. ಸ್ಪಾರ್ಕ್ ಪ್ಲಗ್ಗುಗಳನ್ನು ಮೊದಲೇ ತೆಗೆದಿದ್ದೆ. ಕೆಳಗಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಪದ್ಧತಿಯಂತೆ ಎಂಜಿನ್ನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿದೆ. ಎಲ್ಲೂ ತಡೆಯಲಿಲ್ಲ. ಚಕ್ರಗಳ ಗುರುತುಗಳು ಮರಳಿ ಜಾಗಕ್ಕೆ ಬಂದವು.

“ಇಲ್ಲ,” ಎಂದಳು ನಾದಿನಿ. “ಹೊಂದಿಲ್ಲ. ತಾಮ್ರದ ಕೊಂಡಿಗಳು ಎಲ್ಲೋ ಹೋಗಿವೆ.”

ದೀಪ ಕಸಿದುಕೊಂಡು ಬಗ್ಗಿ ನೋಡಿದೆ. ಮರುಕ್ಷಣ ನಗು ಬಂತು. ತಪ್ಪು ನನ್ನದೇ. ಬಣ್ಣದ ಕೊಂಡಿಗಳು ಚೈನು ಏರಿಸುವಾಗಿನ ಸಾಕ್ಷಿ ಮಾತ್ರ. ಎರಡು ಸುತ್ತು ತಿರುಗಿಸಿದ ಮೇಲೆ ಅವು ಗುರುತಿನ ಮೇಲೆ ಇರುವುದಿಲ್ಲ, ಆಮೇಲೆ ಚಕ್ರದ ಗುರುತನ್ನಷ್ಟೇ ನೋಡಬೇಕು. ಹೆಂಡತಿಗೆ ಇದನ್ನು ಎಂದೋ ಹೇಳಿಕೊಟ್ಟಿದ್ದೆ. ಈಕೆಗೂ ಹೇಳಬೇಕೆಂಬುದು ಹೊಳೆಯಲೇ ಇಲ್ಲ. ಅದು ಹಾಗೇ ಇರುತ್ತದೆ ಎಂದು ಬಿಡಿಸಿ ಹೇಳಿದೆ.

“ಹೆರಿಗೆ ಕೋಣೇಲಿ ‘ಹಾಗೇ ಇರುತ್ತೆ’ ಅಂದವರನ್ನ ನಾನು ಹೊರಗೆ ಕಳಿಸ್ತೀನಿ ಭಾವ,” ಎಂದಳು. “ಕಣ್ಣಿಗೆ ಕಾಣದೆ ಸರಿ ಅನ್ನಲ್ಲ.”

ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ ಎಂದು ನಿನ್ನನ್ನು ಕರೆದೆನಲ್ಲ, ನನಗೆ ಬುದ್ಧಿಯಿಲ್ಲ ಎಂದು ಗೊಣಗಿದೆ. ಆಕೆ ಜಗ್ಗಲಿಲ್ಲ. ಗೋಡೆಯ ಮೇಲೆ ಸೀಮೆಸುಣ್ಣದಿಂದ ಲೆಕ್ಕ ಹಾಕಿದೆ. ಚೈನಿಗೆ ತೊಂಬತ್ತನಾಲ್ಕು ಕೊಂಡಿ, ಕೆಳಗಿನ ಚಕ್ರಕ್ಕೆ ಹದಿನೆಂಟು ಹಲ್ಲು, ಮೇಲಿನವಕ್ಕೆ ಮೂವತ್ತಾರು. ಮೂರು ಕೊಂಡಿಗಳೂ ಮೂರು ಗುರುತುಗಳೂ ಮತ್ತೆ ಒಂದಾಗಬೇಕಾದರೆ ಎಂಜಿನ್ನು ಸರಿಯಾಗಿ ತೊಂಬತ್ತನಾಲ್ಕು ಸುತ್ತು ತಿರುಗಬೇಕು. ಲೆಕ್ಕವನ್ನು ನೋಡಿ ಗಾಬರಿಯಾದಾಳು ಎಂದುಕೊಂಡೆ.

ಆಕೆ ಸ್ಟೂಲು ಎಳೆದುಕೊಂಡು ಕೂತು, “ಎರಡಾಗಿದೆ. ಇನ್ನು ತೊಂಬತ್ತೆರಡು. ತಿರುಗಿಸಿ,” ಎಂದಳು.

ತಿರುಗಿಸಿದೆ. ಆ ಇಕ್ಕಟ್ಟಿನಲ್ಲಿ ಸ್ಪ್ಯಾನರ್ ಒಂದು ಸಲಕ್ಕೆ ಕಾಲು ಸುತ್ತು ಮಾತ್ರ ಹೋಗುತ್ತದೆ. ತೆಗೆದು ಮತ್ತೆ ಹಾಕಬೇಕು. ಪ್ರತಿ ಸುತ್ತಿಗೂ ಆಕೆ ಗೋಡೆಯ ಮೇಲೆ ಗೀಟು ಎಳೆದಳು. ಹತ್ತರವರೆಗೆ ನನಗೆ ಸಿಟ್ಟಿತ್ತು. ಇಪ್ಪತ್ತರ ಹೊತ್ತಿಗೆ ಮಾತಿಗೆ ಬಂದೆವು. ಮಾತೆಲ್ಲ ತೀರಿಕೊಂಡವಳ ಬಗ್ಗೆಯೇ. ಮದುವೆಯ ಹೊಸತರಲ್ಲಿ ನನ್ನ ಅಂಗಿಯ ಗ್ರೀಸು ತೆಗೆಯಲು ಹೋಗಿ ಅಂಗಿಯನ್ನೇ ಬೇಯಿಸಿಬಿಟ್ಟದ್ದು, ಅಕ್ಕತಂಗಿಯರು ಜಗಳವಾಡಿ ಒಂದೇ ಬಾಚಣಿಗೆಯನ್ನು ಎರಡು ತುಂಡು ಮಾಡಿಕೊಂಡದ್ದು.

ನಲವತ್ತೇಳನೆಯ ಸುತ್ತಿಗೆ ಬಣ್ಣದ ಕೊಂಡಿಗಳು ಒಮ್ಮೆಗೇ ತಮ್ಮ ಹಳೆಯ ಜಾಗಗಳಲ್ಲಿ ಪ್ರತ್ಯಕ್ಷವಾದವು. ಆದರೆ ಮೇಲಿನ ಎರಡು ಚಕ್ರಗಳೂ ಅರ್ಧ ತಿರುಗಿ, ಅವುಗಳ ಗುರುತು ಎದುರು ದಿಕ್ಕಿಗೆ ನಿಂತಿತ್ತು. ನಾದಿನಿ ಬಗ್ಗಿ ನೋಡಿದಳು.

“ಅಕ್ಕ ಮುನಿಸಿಕೊಂಡಾಗ ಹೀಗೇ ಅಲ್ವಾ? ಇರೋದು ಮನೇಲೇ, ಮುಖ ಮಾತ್ರ ಗೋಡೆ ಕಡೆಗೆ.”

ನಾನು ಗಟ್ಟಿಯಾಗಿ ನಕ್ಕೆ. ಆ ಷೆಡ್ಡಿನಲ್ಲಿ ನಕ್ಕು ಎಷ್ಟೋ ಕಾಲವಾಗಿತ್ತು. ಆಕೆಯೂ ನಕ್ಕಳು. ಆಮೇಲೆ ಸೀಮೆಸುಣ್ಣವನ್ನು ಬೆರಳಲ್ಲಿ ಉರುಳಿಸುತ್ತಾ, ಬೈಯಬೇಡಿ ಎಂದು ಮೊದಲೇ ಮಾತು ತೆಗೆದುಕೊಂಡು ಹೇಳಿದಳು:

“ಕೊನೆ ಆರು ವರ್ಷ ಅಕ್ಕನಿಗೆ ಈ ಗುರುತೆಲ್ಲ ಕಾಣಿಸ್ತಾನೇ ಇರಲಿಲ್ಲ ಭಾವ.”

ನನಗೆ ಅರ್ಥವಾಗಲಿಲ್ಲ. ಮತ್ತೆ ‘ಸರಿ’ ಎಂದು ಹೇಗೆ ಹೇಳುತ್ತಿದ್ದಳು ಎಂದು ಕೇಳಿದೆ.

“ನಿಮ್ಮ ಹೆಬ್ಬೆರಳು ನೋಡ್ಕೊಂಡು. ಅನುಮಾನ ಇದ್ರೆ ಸ್ಪ್ಯಾನರನ್ನ ಹೆಬ್ಬೆರಳಲ್ಲಿ ಉಜ್ಜುತ್ತಾ ನಿಂತಿರ್ತೀರಂತೆ. ಬೆರಳು ಸುಮ್ಮನಿದ್ರೆ ಸರಿ ಅಂತಿದ್ದಳು. ‘ನನ್ನ ಕಣ್ಣು ಹೋಯ್ತು ಅಂದ್ರೆ ಅವರು ಕೆಲಸ ಬಿಟ್ಟುಬಿಡ್ತಾರೆ, ಹೇಳಬೇಡ’ ಅಂದಿದ್ದಳು.”

ಸ್ಪ್ಯಾನರನ್ನು ಕೆಳಗಿಟ್ಟು ಕೂತೆ. ಸೂಜಿಗೆ ದಾರ ಪೋಣಿಸಲು ಹೆಂಡತಿ ಎದುರುಮನೆಯಾಕೆಯನ್ನು ಕರೆಯುತ್ತಿದ್ದದ್ದು ನೆನಪಾಯಿತು. ಹರಟೆಗೆ ಒಂದು ನೆಪ ಎಂದು ತಿಳಿದಿದ್ದೆ. ಒಮ್ಮೆ ಅವಳು ‘ಇನ್ನೊಂದು ಸಲ ನೋಡಿ’ ಎಂದಿದ್ದಳು. ನೋಡಿದರೆ ನಿಜವಾಗಿಯೂ ಒಂದು ಹಲ್ಲು ತಪ್ಪಿತ್ತು. ನಿನ್ನ ಕಣ್ಣು ಹದ್ದಿನ ಕಣ್ಣು ಎಂದು ಆ ದಿನವೆಲ್ಲ ಹೊಗಳಿದ್ದೆ. ಅವಳು ಹೊಗಳಿಸಿಕೊಂಡು ಸುಮ್ಮನಿದ್ದಳು.

ಮೋಸಹೋದೆನೆಂದು ಮೊದಲು ನೋವಾಯಿತು. ಆ ಆರು ವರ್ಷಗಳಲ್ಲಿ ಹಾಕಿದ ಚೈನುಗಳನ್ನೆಲ್ಲ ಒಂದೊಂದಾಗಿ ನೆನೆದೆ. ಒಂದೂ ಕೆಟ್ಟು ಮರಳಿ ಬಂದದ್ದಿಲ್ಲ. ಹಾಗಾದರೆ ಗುರುತು ನೋಡುತ್ತಿದ್ದವನು ನಾನೊಬ್ಬನೇ. ಅವಳು ನನ್ನನ್ನು ನೋಡುತ್ತಿದ್ದಳು. ಭಗವಂತಾ, ಎಂಥ ಹೆಂಗಸನ್ನು ಕೊಟ್ಟಿದ್ದೆ ಎಂದು ಮನಸ್ಸಿನಲ್ಲೇ ಕೈಮುಗಿದೆ. ಕಣ್ಣು ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಎಣ್ಣೆ ಮೆತ್ತಿತು.

ನಾದಿನಿ ಬಟ್ಟೆಯ ಚೂರು ಕೊಟ್ಟಳು. “ಈಗ ನಿಮ್ಮ ಬೆರಳು ಸುಮ್ಮನೇ ಇದೆ. ನಾನೂ ಸರಿ ಅಂದುಬಿಡ್ತೀನಿ, ಮುಚ್ಚಿ. ಭುಜ ನೋಯ್ತಿದೆ ನಿಮಗೆ.”

“ಬೇಡ,” ಎಂದೆ. “ಕಾಣದೆ ಸರಿ ಅನ್ನೋ ಹಕ್ಕು ಅವಳಿಗಿತ್ತು. ನಿನಗಿಲ್ಲ. ನೀನು ಕಣ್ಣಲ್ಲಿ ನೋಡಿ ಹೇಳು.”

ಉಳಿದ ನಲವತ್ತೇಳು ಸುತ್ತಿಗೆ ಮಧ್ಯಾಹ್ನವಾಯಿತು. ನಡುವೆ ಎರಡು ಸಲ ಟೀ ಕುಡಿದೆವು. ಗೀಟುಗಳ ಲೆಕ್ಕದಲ್ಲಿ ಒಮ್ಮೆ ವಾದವೂ ಆಯಿತು, ಆಕೆಯೇ ಗೆದ್ದಳು. ಕೊನೆಯ ಕಾಲು ಸುತ್ತನ್ನು ನಿಧಾನವಾಗಿ ಎಳೆದೆ. ಕೆಳಗಿನ ಕೊಂಡಿ ಗುರುತಿನ ಮೇಲೆ ಬಂದು ನಿಂತಿತು. ಮೇಲಿನವೆರಡೂ ನಿಂತವು. ನಾದಿನಿ ಅವಸರಪಡಲಿಲ್ಲ. ಒಂದೊಂದು ಕೊಂಡಿಯನ್ನೂ ಬೆರಳ ತುದಿಯಿಂದ ಮುಟ್ಟಿ, ಗುರುತನ್ನು ಮುಟ್ಟಿ, ಮತ್ತೆ ಮೊದಲಿನಿಂದ ಮುಟ್ಟಿ ನೋಡಿದಳು.

“ಸರಿ,” ಎಂದಳು.

ಅಕ್ಕನ ದನಿಯಲ್ಲ, ಮಗುವಿನ ತೂಕ ನೋಡಿ ಬರೆದುಕೊಳ್ಳುವಾಗಿನ ದನಿ. ನನಗೆ ಅದು ಸಾಕಾಯಿತು. ಮುಚ್ಚಳ ಹಾಕಿದೆ.

ಮುಚ್ಚಳದ ಅಂಚಿಗೆ ಹಚ್ಚಿದ ಅಂಟು ಒಣಗಲು ಒಂದು ರಾತ್ರಿ ಬಿಟ್ಟು, ಮಾರನೆಯ ದಿನ ಎಣ್ಣೆ ತುಂಬಿಸಿ, ದೇವರನ್ನು ನೆನೆದು ಕೀಲಿ ತಿರುಗಿಸಿದೆ. ಎಣ್ಣೆ ಮೇಲೇರುವ ತನಕ ಒಂದೆರಡು ಕ್ಷಣ ಗಲಗಲ ಎಂದಿತು. ನಾದಿನಿಯ ಮುಖ ಬಿಳುಪೇರಿತು. ಆಮೇಲೆ ಸದ್ದಡಗಿ, ಹೊಟ್ಟೆ ತುಂಬಿದ ಮಗುವಿನ ಉಸಿರಿನ ಹಾಗೆ ಎಂಜಿನ್ನು ಒಂದೇ ಸಮನೆ ನಡೆಯಿತು. ಆಕೆಗೆ ಅಷ್ಟರಲ್ಲಿ ಫೋನು ಬಂತು. ಯಾರಿಗೋ ನೋವು ಶುರುವಾಗಿತ್ತು. ಚೀಲವನ್ನು ಹಿಂದಿನ ಸೀಟಿಗೆ ಎಸೆದು ಹೊರಟೇಬಿಟ್ಟಳು.

ಅಂದು ಸಂಜೆ ಬೇಕರಿಯವನು ತನ್ನ ವ್ಯಾನನ್ನು ತಂದ. ಮುಂಭಾಗದಲ್ಲಿ ಸದ್ದು. ಕಿವಿಗೊಟ್ಟು ಕೇಳಿದೆ, ಚೈನೇ. ಗುರುವಾರ ತಾ ಎಂದೆ. ನಾಳೆಯೇ ಏಕಾಗದು ಎಂದು ಕೇಳಿದ. ಗುರುವಾರವೇ ನರ್ಸಮ್ಮನಿಗೆ ರಜೆ ಎಂದೆ.

“ವ್ಯಾನಿಗೆ ನರ್ಸ್ ಯಾಕೆ?” ಎಂದ.

“ಬೇಕು ಕಣಯ್ಯ,” ಎಂದು ಹೇಳಿ, ಹೊಸ ಚೈನು ತರಿಸಲು ಅವನ ವ್ಯಾನಿನ ನಂಬರು ಬರೆದುಕೊಂಡೆ.