ಓಸಿ ಮೇ ಕಟ್ಟಿದ ಹಾಡು

ಹಾಡಿನಲ್ಲಿ ವ್ಯಾಕರಣ ತಪ್ಪಿತ್ತು. ಟೈ ಬಿಗಿಯುತ್ತ ಗಿಲಿಯಮ್ ಅದನ್ನೇ ಯೋಚಿಸುತ್ತಿದ್ದ. ಕರಿಯರ ಶಾಲೆಯಲ್ಲಿ ಸಂಗೀತ ಕಲಿಸುವವನ ಕಿವಿಗೆ ಇಂಥವು ಬೇಗ ಚುಚ್ಚುತ್ತವೆ.

ಅಡುಗೆಮನೆಯಲ್ಲಿ ಹೆಂಡತಿ ವರ್ಡೆಲ್ ಅದನ್ನೇ ಗುನುಗುತ್ತಿದ್ದಳು. ಕ್ಲೀವನ್ ಇನ್ನೂ ಮಣ್ಣು ಸೇರಿರಲಿಲ್ಲ. ಅವನ ಮೇಲಿನ ಹಾಡು ಆಗಲೇ ಮಿಸಿಸಿಪ್ಪಿಯ ಆ ಊರಿನ ಕೇರಿಯನ್ನೆಲ್ಲ ಸುತ್ತಿತ್ತು.

ಕ್ಲೀವನ್ ಗಿಲಿಯಮ್‌ನ ಹಳೆಯ ಶಿಷ್ಯ. ಕರಿಯರು ವೋಟು ಹಾಕುವುದನ್ನು ಬಿಳಿಯರು ಸಹಿಸದ ಊರಿನಲ್ಲಿ ವೋಟಿಗೆ ಹೆಸರು ಬರೆಸಲು ಕೋರ್ಟ್ ಕಚೇರಿಗೆ ಹೋದವನು ಸಂಜೆ ಮನೆ ಸೇರಲಿಲ್ಲ. ಆಮೇಲೆ ಹೊಳೆಯಲ್ಲಿ ಸಿಕ್ಕ. ಈಜಲು ಹೋಗಿ ಮುಳುಗಿದ ಎಂದರು ಪೊಲೀಸರು. ಕೈಗೆ ತಂತಿ ಸುತ್ತಿಕೊಂಡು ಈಜುವವರನ್ನು ಊರು ಅದುವರೆಗೆ ಕಂಡಿರಲಿಲ್ಲ.

“ಅವತ್ತು ಸಂಜೆ ನೀವು ಹತ್ತಿ ಗಿರಣಿ ರಸ್ತೇಲಿ ತಾನೆ ಬಂದಿದ್ದು?” ವರ್ಡೆಲ್ ಬಾಗಿಲಲ್ಲಿ ನಿಂತಿದ್ದಳು.

“ಯಾವತ್ತು?”

“ಅವತ್ತು.”

“ನೆನಪಿಲ್ಲ. ಗಂಜಿ ತಳ ಹಿಡೀತಿದೆ, ನೋಡು.”

ಅವಳು ಒಳಗೆ ಹೋದಳು. ಗಂಜಿ ತಳ ಹಿಡಿದಿರಲಿಲ್ಲ.

ನೆನಪಿತ್ತು. ಗಿರಣಿಯ ಗೋಡೆಗೆ ಒತ್ತಿ ಪೊಲೀಸ್ ಕಾರು ನಿಂತಿತ್ತು. ಹಿಂದಿನ ಸೀಟಿನಲ್ಲಿ ಇಬ್ಬರು ಬಿಳಿಯರ ನಡುವೆ ಕ್ಲೀವನ್. ಗಿಲಿಯಮ್ ತನ್ನ ಕಾರಿನ ವೇಗ ತಗ್ಗಿಸಿದ್ದ. ಹುಡುಗ ತಲೆಯೆತ್ತಿ ನೋಡಿದ. ಹಾಡು ಶುರುಮಾಡಲು ಮೇಷ್ಟ್ರ ಕೈ ಮೇಲೇಳುವುದನ್ನು ಕಾಯುತ್ತ ತರಗತಿಯಲ್ಲಿ ನೋಡುತ್ತಿದ್ದನಲ್ಲ, ಹಾಗೆ. ಗಿಲಿಯಮ್‌ನ ಕೈ ಸ್ಟಿಯರಿಂಗ್ ಬಿಟ್ಟು ಏಳಲಿಲ್ಲ.

ನಿನ್ನೆ ಶಾಲೆಗಳ ಮೇಲಧಿಕಾರಿ ಅವನನ್ನು ಕರೆಸಿದ್ದ. ಬಿಳಿಯ, ಮೃದುಮಾತಿನವ. ಸಾವಿಗೆ ಹೋಗಿ ಬನ್ನಿ, ಯಾರು ಬೇಡವೆಂದರು, ಎಂದ. ಅಲ್ಲಿ ಯಾರು ಏನು ಹಾಡಿದರೆಂಬುದನ್ನು ಮಾತ್ರ ಗಮನದಲ್ಲಿಟ್ಟುಕೊಂಡು ಬಂದು ತಿಳಿಸಿದರೆ ಉಪಕಾರವಾದೀತು ಎಂದ. ಗಿಲಿಯಮ್ “ಆಗಲಿ ಸಾರ್” ಎಂದಿದ್ದ. ಅದು ಒಪ್ಪಿಗೆಯೋ ಅಭ್ಯಾಸಬಲವೋ ಅವನಿಗೇ ತಿಳಿಯಲಿಲ್ಲ.

ಚರ್ಚಿನ ಮೆಟ್ಟಿಲ ಬಳಿ ಓಸಿ ಮೇ ನಿಂತಿದ್ದಳು. ಬಿಳಿಯರ ಮನೆಗಳ ಬಟ್ಟೆ ಒಗೆದು ಕ್ಲೀವನ್‌ನನ್ನು ಸಾಕಿದ ಚಿಕ್ಕಮ್ಮ. ಹಾಡು ಅವಳದೇ. ಪಲ್ಲವಿ ಬಿಟ್ಟರೆ ಅದಕ್ಕೆ ಗೊತ್ತಾದ ಸಾಲುಗಳಿರಲಿಲ್ಲ. ಒಬ್ಬೊಬ್ಬರು ಎದ್ದು ತಾವು ಕಂಡದ್ದನ್ನು ಒಂದು ಸಾಲಾಗಿ ಹಾಡಬೇಕು, ಉಳಿದವರು ಪಲ್ಲವಿ ಎತ್ತಬೇಕು.

“ಕೋರ್ಟಲ್ಲಿ ನಮ್ಮ ಸಾಕ್ಷಿ ಯಾರು ಕೇಳ್ತಾರೆ, ಮೇಷ್ಟ್ರೇ? ಇಲ್ಲಾದ್ರೂ ಹೇಳ್ಕೊಳ್ಳೋಣ.”

“ಸಾಲು ತಾಳಕ್ಕೆ ಕೂರ್ತಿಲ್ಲಮ್ಮ” ಎಂದ ಗಿಲಿಯಮ್.

“ತಾಳಾನ ನಮ್ಮ ಕಾಲು ನೋಡ್ಕೊಳ್ಳತ್ತೆ. ಕಂಡಿದ್ದನ್ನ ನೀವು ಹೇಳಿ, ಸಾಕು.”

ಅವನು ನಕ್ಕ. ಅವಳು ನಗಲಿಲ್ಲ.

ಒಳಗೆ ಸೆಕೆ, ಕೈಕೈಯಲ್ಲೂ ಬೀಸಣಿಗೆ. ಶವಪೆಟ್ಟಿಗೆಯ ಮುಚ್ಚಳ ಹಾಕಿತ್ತು. ಪಾದ್ರಿಯ ಪ್ರಾರ್ಥನೆ ಮುಗಿಯುವುದಕ್ಕೆ ಮೊದಲೇ ಯಾರದೋ ಕಾಲು ನೆಲ ಬಡಿಯತೊಡಗಿತು, ಮತ್ತೊಂದು ಕಾಲು ಸೇರಿತು. ಕ್ಷೌರದಂಗಡಿಯ ಮುದುಕ ಎದ್ದ. ಅವತ್ತು ಬೆಳಿಗ್ಗೆ ಕ್ಲೀವನ್‌ನ ಗಡ್ಡ ನಾನೇ ಹೆರೆದೆ, ಕೆನ್ನೆಯ ಮೇಲೆ ಒಂದು ಗೀರೂ ಇರಲಿಲ್ಲ, ಎಂದು ಹಾಡಿದ. ಹೊಳೆಯೇ, ನೀನಾದರೂ ಹೇಳೇ, ಎಂದಿತು ಚರ್ಚು. ಕೋರ್ಟಿನ ಮೆಟ್ಟಿಲಲ್ಲಿ ಅವನು ಟೋಪಿ ತೆಗೆದದ್ದನ್ನು ಒಬ್ಬಳು ಕಂಡಿದ್ದಳು. ಓಸಿ ಮೇ ತಂತಿಯ ಗುರುತನ್ನು ಹಾಡಿದಳು. ದನಿ ಒಡೆಯಲಿಲ್ಲ.

ಹಾಡುವ ಸರದಿ ಗಿಲಿಯಮ್‌ನ ಬೆಂಚಿಗೆ ಬಂತು. ಅವನು ಎದ್ದು ನಿಂತ. ಊರಿಗೇ ಒಳ್ಳೆಯ ಕಂಠ ಅವನದು, ಎಲ್ಲರೂ ತಿರುಗಿದರು. ಬಾಯಿ ತೆರೆದ. ಗಿರಣಿ, ಗೋಡೆ, ಕಾರು, ಎಲ್ಲ ನಾಲಗೆಯ ಮೇಲೇ ಇದ್ದವು. ಯಾವ ಸ್ವರದಿಂದ ಹಿಡಿಯಲಿ ಎಂದು ಅವನ ತಲೆ ಲೆಕ್ಕ ಹಾಕುತ್ತಿತ್ತು. ಅದುವರೆಗೆ ಯಾರು ಯಾರು ಹಾಡಿದರೆಂಬುದೂ ಕ್ರಮವಾಗಿ ನೆನಪಿದೆಯೆಂದು ಗೊತ್ತಾಗಿ ಗಾಬರಿಯಾಯಿತು.

ಕಾಲುಗಳು ಬಡಿಯುತ್ತಲೇ ಇದ್ದವು. ಕಾಯುತ್ತಿದ್ದವು.

ಪಕ್ಕದಲ್ಲಿ ವರ್ಡೆಲ್ ಎದ್ದಳು. ಅವಳಿಗೆ ಶ್ರುತಿ ಎಂದೂ ಕೂಡಿದ್ದಿಲ್ಲ.

“ಅವತ್ತು ನನ್ನ ಗಂಡ ಮನೆಗೆ ಬಂದ, ದೀಪ ಹಚ್ಚಬೇಡ ಅಂದ, ನಾ ಕಂಡೆ.”

ಒಂದು ಗಳಿಗೆ ಬೀಸಣಿಗೆಗಳು ನಿಂತವು. ಆಮೇಲೆ ಪಲ್ಲವಿ ಎದ್ದಿತು, ಮೊದಲಿಗಿಂತ ಮೆಲ್ಲಗೆ. ಸರದಿ ಅವನನ್ನು ದಾಟಿ ಹಿಂದಿನ ಬೆಂಚಿಗೆ ಹೋಯಿತು. ಯಾರೂ ಅವನನ್ನು ಕೂರು ಎನ್ನಲಿಲ್ಲ.

ಮುಂದಿನ ಬೆಂಚಿನಲ್ಲಿ ಎದ್ದು ನಿಂತಿದ್ದವಳ ಹೆಗಲ ಮೇಲಿದ್ದ ಕೂಸು ಅವನನ್ನೇ ನೋಡುತ್ತಿತ್ತು. ಅದು ಬಾಗಿ, ಇನ್ನೂ ತೆರೆದೇ ಇದ್ದ ಅವನ ಬಾಯೊಳಗೆ ಕೈಬೆರಳು ಹಾಕಿ, ಒಳಗೆ ಏನಿದೆಯೆಂದು ತಡಕತೊಡಗಿತು.